ಫ್ರೀಲ್ಯಾನ್ಸರೋ, ತಿಂಗಳ ಚಂದಾ ಟೀಮೋ?

ಬಿಸಿನೆಸ್‌ಗೆ ಒಂದು ಸಾಫ್ಟ್‌ವೇರ್ ಮಾಡಿಸಬೇಕು ಅಂತ ಹೊರಟವರು ಸಾಮಾನ್ಯವಾಗಿ ಎರಡು ಕೊಟೇಶನ್ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಒಂದು ಯಾರೋ ಫ್ರೀಲ್ಯಾನ್ಸರ್ ಕೊಟ್ಟಿದ್ದು: ಇಷ್ಟು ಗಂಟೆ, ಗಂಟೆಗೆ ಇಷ್ಟು. ಇನ್ನೊಂದು ಚಂದಾ ಸೇವೆಯದು: ತಿಂಗಳಿಗೆ ಇಷ್ಟು ಕಟ್ಟಿ, ಎಷ್ಟು ಬೇಕಾದರೂ ಕೆಲಸ ಹೇಳಿ, ಬೇಡ ಅನಿಸಿದಾಗ ನಿಲ್ಲಿಸಿ. ಯಾವುದು ಅಗ್ಗ ಅಂತ ಕೇಳುತ್ತಾರೆ. ನಾನು ವಾಪಸ್ ಕೇಳುವುದು ಒಂದೇ ಪ್ರಶ್ನೆ: ಈ ಸಾಫ್ಟ್‌ವೇರ್ ಹೀಗೇ ಯಾಕೆ ಕೆಲಸ ಮಾಡುತ್ತದೆ ಅನ್ನುವುದು ಎರಡು ವರ್ಷ ಆದ ಮೇಲೆ ಯಾರಿಗೆ ಗೊತ್ತಿರುತ್ತದೆ?

ಚಂದಾ ಅಂದರೆ ರೆಡಿಮೇಡ್ ಸಾಫ್ಟ್‌ವೇರ್‌ಗೆ ತಿಂಗಳ ಬಾಡಿಗೆ ಕಟ್ಟುವುದು ಅಂದುಕೊಳ್ಳಬೇಡಿ. ನಾನು ಹೇಳುತ್ತಿರುವುದು ತಿಂಗಳಿಗಿಷ್ಟು ಅಂತ ಕೊಟ್ಟರೆ ನಿಮ್ಮ ಕೆಲಸವನ್ನು ಕೈಗೆತ್ತಿಕೊಂಡು ಮಾಡಿಕೊಡುವ ಟೀಮ್ ಬಗ್ಗೆ. 2015ರಲ್ಲಿ ಶುರುವಾದ ಡಿಸೈನ್ ಪಿಕಲ್ ಥರದ ಕಂಪನಿಗಳು ಗ್ರಾಫಿಕ್ ಡಿಸೈನ್‌ನಲ್ಲಿ ಈ ಮಾದರಿಯನ್ನು ಓಡಿಸಿ ತೋರಿಸಿದವು. ಈಗ ಕೋಡ್ ಬರೆಯುವುದಕ್ಕೂ ಅದೇ ಮಾದರಿಯಲ್ಲಿ ಸೇವೆ ಸಿಗುತ್ತದೆ.

ಎರಡೂ ಕಡೆ ಕೂತು ಕೋಡ್ ಬರೆದವನು ನಾನು. ಜಾಹೀರಾತಿನ ಮಾತು ಬಿಟ್ಟು ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಚಂದಾ ಸೇವೆಯಲ್ಲಿ 'ಅನ್‌ಲಿಮಿಟೆಡ್' ಅನ್ನುವುದು ನೀವು ಪಟ್ಟಿಗೆ ಹಾಕಬಹುದಾದ ಕೆಲಸಕ್ಕೆ ಅನ್ವಯ, ಮುಗಿಯುವ ಕೆಲಸಕ್ಕಲ್ಲ. ಒಂದೊಂದು ಕೆಲಸವನ್ನೂ ಒಂದೊಂದು ಕಾರ್ಡ್ ಆಗಿ ಅಂಟಿಸುವ, ಟ್ರೆಲ್ಲೊ ಥರದ ಒಂದು ಆನ್‌ಲೈನ್ ಬೋರ್ಡ್ ಕೊಡುತ್ತಾರೆ, ಅದರಲ್ಲಿ ನೂರು ಕಾರ್ಡ್ ಬೇಕಾದರೂ ಅಂಟಿಸಿ, ಒಂದು ಸಲಕ್ಕೆ ನಡೆಯುವುದು ಒಂದೇ ಕೆಲಸ, ದುಬಾರಿ ಪ್ಲಾನ್ ತಗೊಂಡರೆ ಎರಡು. 48 ಗಂಟೆಯಲ್ಲಿ ಡೆಲಿವರಿ ಅಂತ ಬರೆದಿದ್ದರೆ ಅದು ಒಂದು ಚಿಕ್ಕ ತುಂಡಿಗೆ. 'ಸ್ಟಾಕ್ ಲೆಕ್ಕದ ಮಾಡ್ಯೂಲ್ ಬೇಕು' ಅಂತ ಒಂದೇ ಕಾರ್ಡ್ ಹಾಕಿದರೆ ಅವರು ಅದನ್ನು ಹತ್ತು ಹನ್ನೆರಡು ತುಂಡು ಮಾಡಿ ಸಾಲಿನಲ್ಲಿ ನಿಲ್ಲಿಸುತ್ತಾರೆ. ಇದರಲ್ಲಿ ಮೋಸ ಏನೂ ಇಲ್ಲ. ಒಬ್ಬ ಡೆವಲಪರ್‌ನ ದಿನವನ್ನು ಹಲವು ಗ್ರಾಹಕರಿಗೆ ಹಂಚಿದರೆ ಮಾತ್ರ ಆ ಬೆಲೆಗೆ ಈ ವ್ಯಾಪಾರ ಗಿಟ್ಟುತ್ತದೆ, ಅಷ್ಟೇ.

ಸಾಲು ಅಂದ ಮೇಲೆ ಅದಕ್ಕೊಂದು ಲೆಕ್ಕ ಇದ್ದೇ ಇದೆ. ಜಾನ್ ಲಿಟಲ್ 1961ರಲ್ಲಿ ಸಾಬೀತು ಮಾಡಿ ತೋರಿಸಿದ ಸೂತ್ರ ತುಂಬಾ ಸರಳ: ಸಾಲಿನಲ್ಲಿ ಸರಾಸರಿ ಎಷ್ಟು ಜನ ನಿಂತಿರುತ್ತಾರೋ ಅದು, ಜನ ಬರುವ ವೇಗವನ್ನು ಅವರು ಕಾಯುವ ಸಮಯದಿಂದ ಗುಣಿಸಿದಷ್ಟು. ಅಂದರೆ ಬೋರ್ಡ್‌ನಲ್ಲಿ ಯಾವಾಗಲೂ 30 ಕಾರ್ಡ್ ಇದ್ದು, ವಾರಕ್ಕೆ 3 ಮುಗಿದು ಹೊಸದಾಗಿ 3 ಸೇರುತ್ತಿದ್ದರೆ, ಇವತ್ತು ಹಾಕಿದ ಕಾರ್ಡ್ ಕೈಗೆ ಬರುವುದು ಸುಮಾರು 10 ವಾರದ ನಂತರ. ಕಾರ್ಡ್‌ಗಳನ್ನು ಮೇಲೆ ಕೆಳಗೆ ಜರುಗಿಸಬಹುದು, ಒಂದು ಮುಂದೆ ಹೋದರೆ ಇನ್ನೊಂದು ಹಿಂದೆ ಬೀಳುತ್ತದೆ. ಮಾರುವವರು ಈ ಗುಣಾಕಾರವನ್ನು ಮಾಡಿ ತೋರಿಸುವುದಿಲ್ಲ, ನೀವೇ ಮಾಡಿಕೊಳ್ಳಬೇಕು.

ಇನ್ನೊಂದು ವಿಷಯ ಇದಕ್ಕಿಂತ ಜಾಸ್ತಿ ಕಾಡುತ್ತದೆ. ಡೆವಲಪರ್ ಒಂದು ಪ್ರಶ್ನೆ ಕೇಳುತ್ತಾನೆ, 'ವಾಪಸ್ ಬಂದ ಮಾಲನ್ನು ಹಳೇ ರೇಟಿಗೆ ಸೇರಿಸಬೇಕೋ ಹೊಸ ರೇಟಿಗೋ?' ಅಂತ. ನೀವು ಬಿಝಿ, ಮೂರು ದಿನ ಬಿಟ್ಟು ಉತ್ತರ ಕೊಡುತ್ತೀರಿ. ಗಂಟೆ ಲೆಕ್ಕದ ಫ್ರೀಲ್ಯಾನ್ಸರ್ ಆದರೆ ಆ ಮೂರು ದಿನಕ್ಕೆ ಬಿಲ್ ಹಾಕುವುದಿಲ್ಲ, ಬೇರೆ ಯಾರದೋ ಕೆಲಸ ನೋಡಿಕೊಳ್ಳುತ್ತಾನೆ. ಚಂದಾದಲ್ಲಿ ಆ ಮೂರು ದಿನ ನಿಮ್ಮ ಖಾತೆಗೇ. ಹಾಗಾಗಿ ಕೇಳಿದ್ದಕ್ಕೆ ಅವತ್ತೇ ಉತ್ತರ ಕೊಡುವ, ಬಂದಿದ್ದನ್ನು ಅವತ್ತೇ ಪರೀಕ್ಷಿಸುವ ಒಬ್ಬ ಮನುಷ್ಯ ನಿಮ್ಮ ಕಡೆ ಇಲ್ಲದಿದ್ದರೆ ಚಂದಾ ತಗೊಳ್ಳಲೇಬೇಡಿ. ಇದೊಂದರಲ್ಲಿ ನನಗೆ ಎರಡು ಮಾತಿಲ್ಲ.

ಈಗ ತಿಳಿವಳಿಕೆಯ ವಿಷಯ. ಬಿಲ್‌ನಲ್ಲಿ ತೆರಿಗೆಯನ್ನು ಪ್ರತಿ ಸಾಲಿಗೂ ರೌಂಡ್ ಮಾಡುವುದಕ್ಕೂ, ಒಟ್ಟು ಮೊತ್ತದ ಮೇಲೆ ಒಂದೇ ಸಲ ರೌಂಡ್ ಮಾಡುವುದಕ್ಕೂ ಚಿಲ್ಲರೆ ಲೆಕ್ಕದಲ್ಲಿ ವ್ಯತ್ಯಾಸ ಬರುತ್ತದೆ. ನಿಮ್ಮ ದೊಡ್ಡ ಗ್ರಾಹಕರೊಬ್ಬರ ಸಿಸ್ಟಮ್ ಆ ಚಿಲ್ಲರೆ ತಾಳೆಯಾಗದ ಬಿಲ್ಲನ್ನು ಸೀದಾ ತಿರಸ್ಕರಿಸುತ್ತದೆ ಅಂತಿಟ್ಟುಕೊಳ್ಳಿ. ಅದಕ್ಕಾಗಿ ಕೋಡ್‌ನಲ್ಲಿ ಒಂದು ವಿಚಿತ್ರ ಸಾಲು ಇರುತ್ತದೆ, ಆ ಒಬ್ಬರಿಗೆ ಮಾತ್ರ ಬೇರೆ ಲೆಕ್ಕ. ಯಾಕೆ ಅಂತ ಬರೆದವನಿಗೆ ಗೊತ್ತು. ಚಂದಾ ಟೀಮಿನಲ್ಲಿ ಈ ತಿಂಗಳು ನಿಮ್ಮ ಕಾರ್ಡ್ ಹಿಡಿದವನು ಮುಂದಿನ ತಿಂಗಳು ಬೇರೆ ಗ್ರಾಹಕರ ಕಡೆ ಇರಬಹುದು, ಹೊಸದಾಗಿ ಬಂದವನು ಆ ಸಾಲನ್ನು ನೋಡಿ 'ಇದೇನಿದು ಅಸಹ್ಯವಾಗಿದೆ' ಅಂತ ಸರಿಮಾಡಿಬಿಡುತ್ತಾನೆ, ಟೆಸ್ಟ್ (ಲೆಕ್ಕ ತಪ್ಪಿದರೆ ತಾನಾಗಿ ಹೇಳುವ ಕೋಡ್) ಬರೆದಿಲ್ಲದಿದ್ದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ, ತಿಂಗಳ ಕೊನೆಗೆ ಬಿಲ್‌ಗಳೆಲ್ಲ ವಾಪಸ್ ಬಂದಾಗಲೇ ಗೊತ್ತಾಗುವುದು. ಒಬ್ಬನೇ ಫ್ರೀಲ್ಯಾನ್ಸರ್ ಉದ್ದಕ್ಕೂ ಇದ್ದರೆ ಈ ಗೋಳು ಇಲ್ಲ. ಅವನು ನಿಮ್ಮ ಬಿಸಿನೆಸ್ ಕಲಿಯುತ್ತಾನೆ. ಆರು ತಿಂಗಳ ನಂತರ ನೀವು ಅರ್ಧ ಹೇಳಿದರೆ ಇನ್ನರ್ಧ ಅವನೇ ಊಹಿಸುತ್ತಾನೆ. ಅದಕ್ಕೆ ಬೆಲೆ ಕಟ್ಟುವುದು ಕಷ್ಟ.

ಆದರೆ ಅಷ್ಟೂ ಒಂದೇ ತಲೆಯಲ್ಲಿ ಇರುತ್ತದೆ, ಅಲ್ವಾ? ಅವನಿಗೆ ಒಳ್ಳೆಯ ನೌಕರಿ ಸಿಕ್ಕರೆ, ಹುಷಾರು ತಪ್ಪಿದರೆ, ಜಾಸ್ತಿ ಕೊಡುವ ಗ್ರಾಹಕರು ಸಿಕ್ಕರೆ ಮುಗಿಯಿತು. ಚಂದಾ ಸೇವೆಯ ನಿಜವಾದ ಬಲ ಇರುವುದು ಇಲ್ಲೇ: ಒಬ್ಬ ಹೋದರೆ ಇನ್ನೊಬ್ಬ ಬರುತ್ತಾನೆ, ಹುಡುಕುವ ತಲೆನೋವು ಅವರದು.

ಫ್ರೀಲ್ಯಾನ್ಸರ್ ಜೊತೆ ದುಡ್ಡಿನ ಮಾತು ಹೇಗೆ ಆಡುತ್ತೀರಿ ಅನ್ನುವುದೂ ಮುಖ್ಯ. ಇಡೀ ಪ್ರಾಜೆಕ್ಟ್‌ಗೆ ಇಷ್ಟು ಅಂತ ಫಿಕ್ಸ್ ಮಾಡಿದರೆ ನೆಮ್ಮದಿ ಅನಿಸುತ್ತದೆ, ಆಮೇಲೆ ಪ್ರತಿ ಚಿಕ್ಕ ಬದಲಾವಣೆಗೂ 'ಇದು ಮೊದಲು ಹೇಳಿರಲಿಲ್ಲ' ಅನ್ನುವ ಜಗಳ. ಗಂಟೆ ಲೆಕ್ಕವಾದರೆ ಜಗಳ ಇಲ್ಲ, ಬಿಲ್ ಬೆಳೆಯುತ್ತಲೇ ಹೋಗುತ್ತದೆ. ನನಗೆ ಸರಿ ಅನಿಸುವುದು ನಡುವಿನ ದಾರಿ: ಎರಡು ಮೂರು ವಾರದ ಚಿಕ್ಕ ಮೈಲಿಗಲ್ಲುಗಳು, ಪ್ರತಿಯೊಂದರ ಕೊನೆಗೂ ಕ್ಲಿಕ್ ಮಾಡಿ ನೋಡಬಹುದಾದ ಏನಾದರೂ ಕೈಗೆ ಬರಬೇಕು. ಫ್ರೀಲ್ಯಾನ್ಸರ್‌ಗಳನ್ನು ಹುಡುಕಿಕೊಡುವ ಅಪ್‌ವರ್ಕ್ ವೆಬ್‌ಸೈಟ್ ಮೂಲಕ ಹೋಗುವವರು ಒಂದು ನಿಯಮ ನೆನಪಿಡಿ. ಫಿಕ್ಸೆಡ್ ಕೆಲಸದಲ್ಲಿ ಮೈಲಿಗಲ್ಲಿನ ಹಣವನ್ನು ಮೊದಲೇ ಎಸ್ಕ್ರೋದಲ್ಲಿ, ಅಂದರೆ ನಡುವಿನವರ ಹತ್ತಿರ, ಇಡುತ್ತೀರಿ, ಡೆವಲಪರ್ ಕೆಲಸ ಸಲ್ಲಿಸಿದ 14 ದಿನದೊಳಗೆ ನೀವು ಏನೂ ಹೇಳದಿದ್ದರೆ ಅದು ತಾನಾಗಿಯೇ ಅವನಿಗೆ ಹೋಗುತ್ತದೆ. ಟೆಸ್ಟ್ ಮಾಡಲು ಪುರುಸೊತ್ತು ಇರಲಿಲ್ಲ ಅನ್ನುವುದು ಅಲ್ಲಿ ನಡೆಯುವುದಿಲ್ಲ.

ಹಕ್ಕಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾರಿಗೂ ಓದಲು ಇಷ್ಟ ಇಲ್ಲದ ಭಾಗ ಇದು. ದುಡ್ಡು ಕೊಟ್ಟ ಮಾತ್ರಕ್ಕೆ ಕೋಡ್ ನಿಮ್ಮದಾಗುತ್ತದೆ ಅಂತ ಏನಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1989ರಲ್ಲಿ ತೀರ್ಪು ಕೊಟ್ಟ ಒಂದು ಕೇಸ್ ಇದೆ. ಅದು ಸಾಫ್ಟ್‌ವೇರ್ ಬಗ್ಗೆ ಅಲ್ಲವೇ ಅಲ್ಲ, ಒಂದು ಸಂಸ್ಥೆ ಹೇಳಿ ಮಾಡಿಸಿದ ಶಿಲ್ಪದ ಬಗ್ಗೆ. ಶಿಲ್ಪಿ ಸಂಸ್ಥೆಯ ನೌಕರನಲ್ಲ, ಸ್ವತಂತ್ರವಾಗಿ ಕೆಲಸ ಮಾಡಿದವನು, ಆದ್ದರಿಂದ ಅದನ್ನು ನೌಕರ ಮಾಡಿದ, ಹಕ್ಕು ತಾನಾಗಿಯೇ ಸಂಸ್ಥೆಗೆ ಸೇರುವ ಕೆಲಸ ಅಂತ ಲೆಕ್ಕ ಹಿಡಿಯುವಂತಿಲ್ಲ ಅಂತ ಕೋರ್ಟ್ ಹೇಳಿತು. ಫ್ರೀಲ್ಯಾನ್ಸರ್ ಕೂಡ ಹಾಗೇ ಸ್ವತಂತ್ರವಾಗಿ ಕೆಲಸ ಮಾಡುವವನೇ ಅಲ್ವಾ? ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿ ಸಮೇತ ಇರಲಿ. ಚಂದಾ ಸೇವೆಯ ಷರತ್ತಿನಲ್ಲಿ ಇದು ಸಾಮಾನ್ಯವಾಗಿ ಮೊದಲೇ ಬರೆದಿರುತ್ತದೆ, ಆದರೂ ಅವರ ಹಳೇ ಮಾಡ್ಯೂಲ್‌ಗಳನ್ನು ನಿಮ್ಮ ಕೋಡ್‌ಗೆ ಸೇರಿಸಿದರೆ ಚಂದಾ ನಿಲ್ಲಿಸಿದ ಮೇಲೂ ಬಳಸಬಹುದಾ ಅಂತ ಕೇಳಿ ಬರೆಸಿಕೊಳ್ಳಿ.

ಕೆಲಸ ಮುಗಿಯಿತು ಅಂದುಕೊಂಡ ಮೇಲೆ ನಡೆಯುವುದನ್ನು ಎರಡೂ ಕೊಟೇಶನ್‌ಗಳು ಮುಚ್ಚಿಡುತ್ತವೆ. ಸಾಫ್ಟ್‌ವೇರ್ ಅನ್ನು ಯಾರೂ ಮುಟ್ಟದೆ ಬಿಟ್ಟರೂ ಅದು ಹಳೆಯದಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ಜಾವಾ ಭಾಷೆಯ ಲಾಗ್‌ಫೋರ್‌ಜೆ ಅನ್ನುವ ಲೈಬ್ರರಿಯಲ್ಲಿ (ಸಾಫ್ಟ್‌ವೇರ್ ಒಳಗೆ ಸೇರಿಸಿಕೊಳ್ಳುವ ರೆಡಿಮೇಡ್ ಕೋಡ್) ದೊಡ್ಡ ತೂತು ಬಯಲಾದಾಗ, ತಮ್ಮ ಸಾಫ್ಟ್‌ವೇರ್ ಒಳಗೆ ಅದು ಇದೆಯಾ ಇಲ್ಲವಾ ಅಂತಲೇ ಎಷ್ಟೋ ಕಂಪನಿಗಳಿಗೆ ಗೊತ್ತಿರಲಿಲ್ಲ. ವೆಬ್‌ಸೈಟ್ ಕಟ್ಟಲು ಬಳಸುವ ಪಿಎಚ್‌ಪಿ ಭಾಷೆಯ 7.4 ಆವೃತ್ತಿಗೆ 2022ರ ನವೆಂಬರ್‌ಗೆ ಸೆಕ್ಯುರಿಟಿ ಅಪ್‌ಡೇಟ್ ನಿಂತಿತು, ಅದರ ಮೇಲೆ ಕಟ್ಟಿದ್ದು ಆಮೇಲೂ ಓಡುತ್ತಿತ್ತು, ಬಾಗಿಲು ಹಾಕುವವರು ಮಾತ್ರ ಇರಲಿಲ್ಲ. ಒಂದು ಸಲ ಮಾಡಿಕೊಟ್ಟು ಹೋದ ಫ್ರೀಲ್ಯಾನ್ಸರ್‌ಗೆ ಇದನ್ನು ನೋಡುವ ಕರ್ತವ್ಯ ಇಲ್ಲ. ಚಂದಾ ಇದ್ದರೆ ಅದೂ ಒಂದು ಕಾರ್ಡ್, ನೀವು ಹಾಕಿದರೆ ಮಾತ್ರ.

ಹಾಗಾಗಿ ನಾನು ಹೇಳುವುದು ಹೀಗೆ. ನಿಮ್ಮ ಬಿಸಿನೆಸ್‌ನ ನಿಯಮಗಳು ಕೂತಿರುವ ಭಾಗವನ್ನು, ಅಂದರೆ ರೇಟು, ಬಿಲ್ಲು, ಸ್ಟಾಕು, ಸಾಲದ ಲೆಕ್ಕವನ್ನು, ಒಬ್ಬ ಒಳ್ಳೆಯ ಫ್ರೀಲ್ಯಾನ್ಸರ್ ಕೈಯಲ್ಲಿ ಮಾಡಿಸಿ. ಮುಗಿದ ಮೇಲೆ ತಿಂಗಳಿಗೆ ಕೆಲವು ಗಂಟೆ ಅಂತ ರಿಟೇನರ್ ಕೊಟ್ಟು ಉಳಿಸಿಕೊಳ್ಳಿ. ವೆಬ್‌ಸೈಟ್ ಪುಟ, ಫಾರ್ಮ್, ರಿಪೋರ್ಟ್, ಈಮೇಲ್ ಟೆಂಪ್ಲೇಟ್, ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಡೇಟಾ ಕಳಿಸುವುದು, ಇಂಥ ಬಿಡಿ ಕೆಲಸ ಪ್ರತಿ ತಿಂಗಳೂ ಬರುತ್ತಿದ್ದರೆ ಚಂದಾ ಸರಿಯಾದ ಆಯ್ಕೆ. ಬಿಡಿ ಕೆಲಸ ತಿಂಗಳಿಗೆ ಎರಡೋ ಮೂರೋ ಅಷ್ಟೇ ಅಂದರೆ ಚಂದಾ ಸುಮ್ನೆ ದಂಡ. ಎಷ್ಟು ಬರುತ್ತದೆ ಅಂತ ಊಹೆ ಮಾಡಬೇಡಿ, ಕಳೆದ ಮೂರು ತಿಂಗಳಲ್ಲಿ 'ಇದೊಂದು ಸರಿ ಮಾಡಿಸಬೇಕು' ಅಂತ ನಿಮ್ಮ ಟೀಮಿನವರು ಕಳಿಸಿದ ಮೆಸೇಜ್‌ಗಳನ್ನು ಎಣಿಸಿ.

ಯಾರನ್ನೇ ಆರಿಸಿ, ಡೊಮೇನ್, ಕ್ಲೌಡ್ ಖಾತೆ, ಕೋಡ್ ಇಡುವ ಗಿಟ್‌ಹಬ್, ಪ್ಲೇ ಸ್ಟೋರ್ ಖಾತೆ, ಪೇಮೆಂಟ್ ಗೇಟ್‌ವೇ ಎಲ್ಲವೂ ನಿಮ್ಮ ಕಂಪನಿಯ ಈಮೇಲ್‌ನಲ್ಲೇ ಇರಬೇಕು, ಅವರಿಗೆ ಒಳಗೆ ಬರಲು ಅನುಮತಿ ಮಾತ್ರ. ಮತ್ತೆ ಕೊನೆಯ ಕಂತು ಕೊಡುವ ಮೊದಲು ಅಥವಾ ಚಂದಾ ಕಟ್ಟಿದ ಮೊದಲ ತಿಂಗಳೊಳಗೆ ಒಂದು ಪರೀಕ್ಷೆ ಮಾಡಿಸಿ. ಪ್ರಾಜೆಕ್ಟ್‌ಗೆ ಸಂಬಂಧವೇ ಇಲ್ಲದ ಬೇರೆ ಡೆವಲಪರ್‌ಗೆ ಅರ್ಧ ದಿನದ ದುಡ್ಡು ಕೊಟ್ಟು, ಕೋಡ್ ಮತ್ತು ಅದರ ಜೊತೆಗಿರುವ, ಹೇಗೆ ಓಡಿಸಬೇಕು ಅಂತ ಹೇಳುವ ರೀಡ್‌ಮಿ ಫೈಲ್ ಮಾತ್ರ ಕೊಟ್ಟು, ಖಾಲಿ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಓಡಿಸಿ ಒಂದು ಬಟನ್‌ನ ಹೆಸರು ಬದಲಾಯಿಸಿ ತೋರಿಸು ಅನ್ನಿ. ಬರೆದವರಿಗೆ ಫೋನ್ ಮಾಡುವಂತಿಲ್ಲ. ಎಲ್ಲಿ ಸಿಕ್ಕಿಹಾಕಿಕೊಂಡನೋ ಅದನ್ನೆಲ್ಲ ಬರೆದಿಟ್ಟುಕೊಳ್ಳಲಿ, ಆ ಪಟ್ಟಿಯನ್ನು ಹಾಗೇ ನಿಮ್ಮ ಫ್ರೀಲ್ಯಾನ್ಸರ್‌ಗೋ ಟೀಮಿಗೋ ಕಳಿಸಿ, ಅದನ್ನು ಸರಿಮಾಡಿದ ಮೇಲೆಯೇ ಮುಂದಿನ ಕೆಲಸ.