ಹೈಟಿ

ಇವತ್ತು ಮಗಳ ಅಟ್ಲಾಸ್ ತಿರುವ್ತಾ ಇದ್ದಾಗ ಕ್ಯೂಬಾ ಪಕ್ಕದ ಹೈಟಿ ಮೇಲೆ ಕಣ್ಣು ನಿಂತ್ಬಿಡ್ತು. ಒಂದೇ ದ್ವೀಪ, ಪೂರ್ವಕ್ಕೆ ಡೊಮಿನಿಕನ್ ರಿಪಬ್ಲಿಕ್, ಪಶ್ಚಿಮಕ್ಕೆ ಇವ್ರು, ಎಲ್ನೋಡಿದ್ರೂ ಬೆಟ್ಟ.

ಆಗ ಫ್ರಾನ್ಸ್ ವಸಾಹತಾಗಿದ್ದ ಇಲ್ಲಿನ ಕಬ್ಬು, ಕಾಫಿ ತೋಟಗಳಲ್ಲಿ ದುಡೀತಿದ್ದ ಗುಲಾಮರು 1791ರಲ್ಲಿ ತಿರುಗಿಬಿದ್ರು, ಕೊನೆಗೆ ನೆಪೋಲಿಯನ್ ಕಳ್ಸಿದ ಸೈನ್ಯಾನೂ ಸೋಲ್ಸಿ 1804ರಲ್ಲಿ ಸ್ವತಂತ್ರ ದೇಶ ಕಟ್ಟಿದ್ರು. ಎಂಥಾ ಜನ!

ಆದ್ರೆ ನಂಗೆ ತಡ್ಕೊಳೋಕಾಗದೇ ಇರೋದು 1825ರ ವಿಷ್ಯ. ಫ್ರಾನ್ಸ್ ಯುದ್ಧನೌಕೆ ತಂದು ನಿಲ್ಸಿ 15 ಕೋಟಿ ಫ್ರಾಂಕ್ ಪರಿಹಾರ ಕೇಳ್ತು, ಯಾರಿಗೆ ಅಂದ್ರೆ ತೋಟ, ಗುಲಾಮರನ್ನ ಕಳ್ಕೊಂಡ ಯಜಮಾನರಿಗೆ! ಬಡ ದೇಶ, ಬಡ ದೇಶ ಅಂತ ನ್ಯೂಸಲ್ಲಿ ಹೇಳೋರು ಇದನ್ನ ಯಾಕೆ ಹೇಳಲ್ಲ? ಆಮೇಲೆ 9 ಕೋಟಿಗೆ ಇಳಿಸಿದ್ರು, ಆದ್ರೂ ಅದನ್ನ ಕಟ್ಟೋಕೆ ಫ್ರಾನ್ಸ್ ಬ್ಯಾಂಕುಗಳಲ್ಲೇ ಸಾಲ ಮಾಡಿ, ಆ ಸಾಲಕ್ಕೆ ಇನ್ನೊಂದು ಸಾಲ ಮಾಡಿ, ಪೂರ್ತಿ ತೀರಿದ್ದು 1947ರಲ್ಲಿ.