ಫರ್ನೆಸ್ ಬ್ಲೋವರ್ ನಿಲ್ಲುತ್ತಿಲ್ಲವೇ? ಮೊದಲು ಗಾಳಿ ಬಿಸಿಯೋ ತಣ್ಣಗೋ ನೋಡಿ

ಅಮೆರಿಕ, ಕೆನಡಾದ ಚಳಿ ಊರುಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಈ ತೊಂದರೆ ಹೊಸದಲ್ಲ. ಮನೆ ಬೆಚ್ಚಗಾಗಿ ಗಂಟೆ ಕಳೆದರೂ ಮನೆ ಬಿಸಿಮಾಡುವ ಫರ್ನೆಸ್ಸಿನ ಬ್ಲೋವರ್, ಅಂದರೆ ಗಾಳಿ ತಳ್ಳುವ ಫ್ಯಾನು, ಓಡುತ್ತಲೇ ಇರುತ್ತದೆ. ಬೇಸ್‌ಮೆಂಟಿಗೆ ಇಳಿದು ಕರೆಂಟ್ ತೆಗೆದರೆ ಸದ್ದೇನೋ ನಿಲ್ಲುತ್ತದೆ. ಆದರೆ ಬ್ಲೋವರ್ ನಿಲ್ಲದಿರುವುದಕ್ಕೆ ಎಷ್ಟೋ ಸಲ ಬ್ಲೋವರ್ ಕಾರಣವೇ ಅಲ್ಲ. ಒಳಗೆ ಶಾಖ ಮಿತಿಮೀರಿದಾಗ ಅದನ್ನು ಹೊರಗೆ ತಳ್ಳಲೆಂದು ಫರ್ನೆಸ್ಸನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಬೋರ್ಡೇ ಬ್ಲೋವರನ್ನು ಓಡಿಸುತ್ತಿರುತ್ತದೆ. ಕಾರಣ ತಿಳಿಯದೆ ಅದರ ಬಾಯಿ ಮುಚ್ಚಿಸಬೇಡಿ.

ಥರ್ಮೋಸ್ಟಾಟಿನಲ್ಲಿ ಹೀಟ್ ಆಫ್ ಮಾಡಿ ಐದು ನಿಮಿಷ ಬಿಡಿ. ಬರ್ನರ್ ಆರಿದ ಮೇಲೂ ಬ್ಲೋವರ್ ಸ್ವಲ್ಪ ಹೊತ್ತು ಓಡುವುದು ಸಹಜ. ಒಲೆ ಆರಿಸಿದರೂ ಕಾವಲಿ ಬಿಸಿಯಾಗಿಯೇ ಇರುವಂತೆ ಉರಿಯ ಶಾಖವನ್ನು ಗಾಳಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರಿನಲ್ಲಿ ಶಾಖ ಉಳಿದಿರುತ್ತದೆ. ಅದನ್ನು ಮನೆಯೊಳಗೆ ಕಳಿಸಲು ಬೋರ್ಡಿನಲ್ಲಿ ಸಾಮಾನ್ಯವಾಗಿ 60ರಿಂದ 180 ಸೆಕೆಂಡಿನ ವಿಳಂಬ ಇಟ್ಟಿರುತ್ತಾರೆ. ಐದು ನಿಮಿಷದ ನಂತರವೂ ಗಾಳಿ ಬರುತ್ತಿದ್ದರೆ ಕೋಣೆಗೆ ಗಾಳಿ ಬರುವ ಜಾಲರಿಯ (ರಿಜಿಸ್ಟರ್) ಮೇಲೆ ಕೈಯಿಡಿ.

ಗಾಳಿ ಬಿಸಿಯಾಗಿದ್ದರೆ ಬರ್ನರ್ ಇನ್ನೂ ಉರಿಯುತ್ತಿದೆ ಎಂದರ್ಥ. ಥರ್ಮೋಸ್ಟಾಟಿನಿಂದ ಹೀಟ್ ಕೇಳುವ ಡಬ್ಲ್ಯೂ ವೈರು ಎಲ್ಲೋ ಶಾರ್ಟ್ ಆಗಿರಬಹುದು, ಇಲ್ಲವೇ ಗ್ಯಾಸ್ ವಾಲ್ವ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬಹುದು. ಈ ಸಂದರ್ಭದಲ್ಲಿ ಮೊದಲು ಗ್ಯಾಸ್, ಆಮೇಲೆ ಕರೆಂಟು. ಫರ್ನೆಸ್ಸಿಗೆ ಹೋಗುವ ಗ್ಯಾಸ್ ಪೈಪಿನ ಹಿಡಿಯನ್ನು ಕಾಲು ಸುತ್ತು ತಿರುಗಿಸಿ. ಅದು ಪೈಪಿಗೆ ಅಡ್ಡಲಾಗಿ ನಿಂತರೆ ಗ್ಯಾಸ್ ಮುಚ್ಚಿದೆ ಎಂದು ಲೆಕ್ಕ. ಒಂದು ವೇಳೆ ವಾಲ್ವ್ ಸಿಕ್ಕಿಕೊಂಡಿದ್ದು ಮೊದಲು ಕರೆಂಟ್ ತೆಗೆದರೆ, ಉರಿ ಹಾಗೇ ಉಳಿದು, ತಂಪು ಮಾಡುವ ಬ್ಲೋವರ್ ಮಾತ್ರ ನಿಂತುಬಿಡುತ್ತದೆ. ಗ್ಯಾಸ್ ಮುಚ್ಚಿದ ಮೇಲೆ ಬ್ಲೋವರ್ ಕೆಲವು ನಿಮಿಷ ಓಡಲಿ. ನಂತರ ಟೆಕ್ನೀಷಿಯನ್‌ಗೆ ಫೋನ್ ಮಾಡಿ. ಗ್ಯಾಸ್ ವಾಲ್ವ್ ಮನೆಯಲ್ಲಿ ಕೂತು ರಿಪೇರಿ ಮಾಡುವ ಭಾಗವಲ್ಲ.

ಗಾಳಿ ತಣ್ಣಗಿದ್ದರೆ ನಿಧಾನವಾಗಿ ಹುಡುಕಲು ಸಮಯವಿದೆ.

ಥರ್ಮೋಸ್ಟಾಟಿನಲ್ಲಿ ಫ್ಯಾನ್ 'ಆನ್' ಎಂದಿದೆಯೋ 'ಆಟೋ' ಎಂದಿದೆಯೋ ನೋಡಿ. 'ಆಟೋ' ಇದ್ದರೂ ಮುಗಿಯಲಿಲ್ಲ. ಸ್ಮಾರ್ಟ್ ಥರ್ಮೋಸ್ಟಾಟುಗಳಲ್ಲಿ ಗಂಟೆಗೆ ಇಂತಿಷ್ಟು ನಿಮಿಷ ಫ್ಯಾನ್ ಓಡಲಿ ಎಂಬ ಬೇರೆ ಸೆಟ್ಟಿಂಗ್ ಇರುತ್ತದೆ, ಮನೆಯವರಲ್ಲಿ ಯಾರಾದರೂ ಫೋನಿನ ಆ್ಯಪಿನಿಂದ ಅದನ್ನು ಬದಲಿಸಿರಬಹುದು. ಎಲ್ಲ ಸರಿಯಿದ್ದರೆ ಥರ್ಮೋಸ್ಟಾಟಿನ ಮುಖಭಾಗವನ್ನು ಗೋಡೆಯ ಪ್ಲೇಟಿನಿಂದ ಕಳಚಿ ಮೂರು ನಿಮಿಷ ಕಾಯಿರಿ. ಬ್ಲೋವರ್ ನಿಂತರೆ ದೋಷ ಥರ್ಮೋಸ್ಟಾಟಿನದೇ.

ನಿಲ್ಲದಿದ್ದರೆ ಫರ್ನೆಸ್ ಹತ್ತಿರ ಹೋಗಿ. ಬಾಗಿಲು ತೆಗೆಯುವ ಮುಂಚೆ ಅದರಲ್ಲಿರುವ ಪುಟ್ಟ ಗಾಜಿನ ಕಿಂಡಿಯಲ್ಲಿ ಇಣುಕಿ, ಬೋರ್ಡಿನ ಎಲ್‌ಇಡಿ ಎಷ್ಟು ಸಲ ಮಿನುಗುತ್ತದೆ ಎಂದು ಬರೆದುಕೊಳ್ಳಿ. ಬ್ಲೋವರ್ ಬಾಗಿಲು ತೆಗೆದ ಕೂಡಲೇ ಅದರ ಸುರಕ್ಷಾ ಸ್ವಿಚ್ ಕರೆಂಟ್ ಕಡಿಯುತ್ತದೆ, ಎಲ್‌ಇಡಿ ಆರುತ್ತದೆ, ಕೆಲವು ಬೋರ್ಡುಗಳಲ್ಲಿ ಆ ಮಿನುಗು ಸೂಚಿಸುವ ದೋಷದ ಕೋಡ್ ಕೂಡ ಅಳಿಸಿಹೋಗುತ್ತದೆ. ಕೋಡಿನ ಅರ್ಥ ಸಾಮಾನ್ಯವಾಗಿ ಬಾಗಿಲಿನ ಒಳಮೈಗೆ ಅಂಟಿಸಿದ ಪಟ್ಟಿಯಲ್ಲಿರುತ್ತದೆ. ಕ್ಯಾರಿಯರ್ ಫರ್ನೆಸ್ಸುಗಳಲ್ಲಿ 33 ಎಂದರೆ ಶಾಖ ಮಿತಿಮೀರದಂತೆ ಕಾಯುವ ಲಿಮಿಟ್ ಸರ್ಕ್ಯೂಟಿನ ದೋಷ. ಬೇರೆ ಕಂಪನಿಯ ಸಂಖ್ಯೆಗಳು ಬೇರೆ, ಹಾಗಾಗಿ ನಿಮ್ಮ ಬಾಗಿಲಿನ ಪಟ್ಟಿಯನ್ನೇ ನಂಬಿ.

ಇನ್ನು ವೈರು. ಪಕ್ಕದ ಗೋಡೆಯಲ್ಲಿ ಲೈಟಿನ ಸ್ವಿಚ್ಚಿನಂತೆ ಕಾಣುವ ಸರ್ವಿಸ್ ಸ್ವಿಚ್ ಆಫ್ ಮಾಡಿ. ಬೋರ್ಡಿನ ಮೇಲೆ ಆರ್, ಸಿ, ಡಬ್ಲ್ಯೂ, ವೈ, ಜಿ ಎಂದು ಬರೆದ ಸ್ಕ್ರೂಗಳಿರುತ್ತವೆ. ಆರ್‌ನಲ್ಲಿ 24 ವೋಲ್ಟ್ ಬರುತ್ತದೆ, ಅದು ಜಿಗೆ ತಲುಪಿದರೆ ಬ್ಲೋವರ್ ಓಡುತ್ತದೆ. ಜಿ ವೈರನ್ನು ಬಿಚ್ಚಿ, ತುದಿ ಎಲ್ಲಿಗೂ ತಾಕದಂತೆ ಟೇಪ್ ಸುತ್ತಿ, ಬಾಗಿಲು ಹಾಕಿ ಕರೆಂಟ್ ಕೊಡಿ. ಈಗ ಬ್ಲೋವರ್ ಸುಮ್ಮನಿದ್ದರೆ ಗೋಡೆಯೊಳಗೆ ಆರ್ ಮತ್ತು ಜಿ ಒಂದನ್ನೊಂದು ಮುಟ್ಟಿರುವ ಸಾಧ್ಯತೆ ಹೆಚ್ಚು. ಕೇಬಲ್ ಹಿಡಿಸಲು ಹೊಡೆದ ಸ್ಟೇಪಲ್, ಫೋಟೋ ತೂಗುಹಾಕಲು ಹೊಡೆದ ಮೊಳೆ, ಇಲಿ ಕಡಿತ, ಇವೇ ಸಾಮಾನ್ಯ ಕಾರಣಗಳು. ಕೇಬಲಿನಲ್ಲಿ ಬಳಸದ ಎಳೆ ಒಂದಿದ್ದರೆ ಎರಡೂ ತುದಿಯಲ್ಲಿ ಜಿ ಬದಲಿಗೆ ಅದನ್ನು ಸೇರಿಸಿದರೆ ಸಾಕು, ಗೋಡೆ ಒಡೆಯಬೇಕಿಲ್ಲ. ಕೆನಡಾದವರು ಇನ್ನೊಂದನ್ನೂ ಗಮನಿಸಬೇಕು. ಅಲ್ಲಿನ ಅನೇಕ ಮನೆಗಳಲ್ಲಿ ಹೊರಗಿನ ಹೊಸ ಗಾಳಿ ತರುವ ಎಚ್‌ಆರ್‌ವಿ ಯಂತ್ರ ಓಡುವಾಗ ಫರ್ನೆಸ್ ಫ್ಯಾನೂ ಓಡುವಂತೆ ಆರ್, ಜಿಗಳಿಗೆ ವೈರ್ ಎಳೆದಿರುತ್ತಾರೆ. ಎಚ್‌ಆರ್‌ವಿಯ ಗೋಡೆ ಸ್ವಿಚ್ಚನ್ನು ಯಾರೋ ನಿರಂತರಕ್ಕೆ ತಿರುಗಿಸಿಟ್ಟಿದ್ದರೆ ಫರ್ನೆಸ್ಸಿನಲ್ಲಿ ಯಾವ ದೋಷವೂ ಇಲ್ಲ.

ಜಿ ಬಿಚ್ಚಿದರೂ ತಣ್ಣನೆ ಗಾಳಿ ಬೀಸುತ್ತಿದೆ, ಹೀಟ್ ಕೇಳಿದರೂ ಬರ್ನರ್ ಹತ್ತುತ್ತಿಲ್ಲ ಎಂದಾದರೆ ನನ್ನ ಮೊದಲ ಅನುಮಾನ ಹೈ ಲಿಮಿಟ್ ಸ್ವಿಚ್ಚಿನ ಮೇಲೆ. ಬರ್ನರ್‌ಗಳ ಮೇಲ್ಭಾಗದ ತಗಡಿಗೆ ಎರಡು ಸ್ಕ್ರೂಗಳಿಂದ ಹಿಡಿಸಿದ, ಎರಡು ವೈರು ಸಿಕ್ಕಿಸಿದ ನಾಣ್ಯದಗಲದ ಬಿಲ್ಲೆ ಅದು. ಮೇಲೆ 'ಎಲ್160-40ಎಫ್' ಎಂಬಂತೆ ಮುದ್ರಿಸಿದ್ದರೆ, 160 ಡಿಗ್ರಿ ಫ್ಯಾರನ್‌ಹೀಟಿಗೆ ತೆರೆದುಕೊಂಡು (ಅಂದರೆ ಸರ್ಕ್ಯೂಟ್ ಕಡಿದು), ಅದಕ್ಕಿಂತ 40 ಡಿಗ್ರಿ ಕೆಳಗೆ, ಅಂದರೆ 120ಕ್ಕೆ ಇಳಿದಾಗ ಮುಚ್ಚಿಕೊಳ್ಳುತ್ತದೆ. ತೆರೆದುಕೊಂಡಾಗ ಬೋರ್ಡು ಗ್ಯಾಸ್ ನಿಲ್ಲಿಸಿ ಬ್ಲೋವರ್ ಓಡಿಸುತ್ತದೆ. ಕರೆಂಟ್ ತೆಗೆದು, ಫರ್ನೆಸ್ ಆರಿದ ಮೇಲೆ, ಎರಡೂ ವೈರು ಕಳಚಿ ಮಲ್ಟಿಮೀಟರಿನಲ್ಲಿ ಓಮ್ ನೋಡಿ. ತಣ್ಣಗಿರುವಾಗ ಸೊನ್ನೆಯ ಆಸುಪಾಸು ಇರಬೇಕು. ತೆರೆದೇ ಇದ್ದರೆ ಸ್ವಿಚ್ ಹೋಗಿದೆ, ಅದೇ ಡಿಗ್ರಿಯ, ಅದೇ ಉದ್ದದ ಕಾಂಡದ ಸ್ವಿಚ್ಚನ್ನೇ ತಂದು ಹಾಕಿ. ಎರಡು ವೈರನ್ನು ನೇರ ಜೋಡಿಸಿ ಸ್ವಿಚ್ಚನ್ನು ತಪ್ಪಿಸುವುದು ಮನೆಗೆ ಬೆಂಕಿ ಆಹ್ವಾನಿಸಿದಂತೆ.

ಸ್ವಿಚ್ ಬದಲಿಸಿದರೆ ಅರ್ಧ ಕೆಲಸ ಮಾತ್ರ ಆಯಿತು. ಸಾಮಾನ್ಯವಾಗಿ ಪದೇಪದೇ ಬಿಸಿಯಾಗಿದ್ದರಿಂದಲೇ ಅದು ಹಾಳಾಗಿರುತ್ತದೆ, ಬಿಸಿಯಾಗಿದ್ದು ಗಾಳಿ ಸಾಲದೆ. ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಒಂದು ಇಂಚಿನ ಚೌಕಟ್ಟಿನಲ್ಲಿ ಮರ್ವ್ (ಧೂಳು ಹಿಡಿಯುವ ಸಾಮರ್ಥ್ಯದ ಅಂಕ) 13 ಫಿಲ್ಟರ್ ಹಾಕುವವರು ಬಹಳ. ಧೂಳು ಚೆನ್ನಾಗಿ ಹಿಡಿಯುತ್ತದೆ, ನಿಜ, ಆದರೆ ಹಳೆಯ ಡಕ್ಟುಗಳಿಗೆ ಅದು ಉಸಿರು ಕಟ್ಟಿಸುತ್ತದೆ. ಮರ್ವ್ 8 ಹಾಕಿ ಚಳಿಗಾಲದಲ್ಲಿ ತಿಂಗಳಿಗೊಮ್ಮೆ ನೋಡುವುದು ಮೇಲು. ಬಾಣದ ಗುರುತು ಬ್ಲೋವರ್ ಕಡೆಗಿರಲಿ. ಬಳಸದ ಕೋಣೆಗಳ ರಿಜಿಸ್ಟರ್ ಮುಚ್ಚಿಡುವುದು, ಗಾಳಿಯನ್ನು ಫರ್ನೆಸ್ಸಿಗೆ ಮರಳಿ ಎಳೆದುಕೊಳ್ಳುವ ರಿಟರ್ನ್ ಗ್ರಿಲ್ ಸೋಫಾ ಹಿಂದೆ ಮರೆಯಾಗುವುದು, ಏಸಿ ಕಾಯಿಲಿನ ತಳಕ್ಕೆ ಧೂಳು ಕಂಬಳಿಯಂತೆ ಅಂಟುವುದು, ಇವೂ ಇದೇ ದೋಷ ತರುತ್ತವೆ. ಬರ್ನರ್ ಪಕ್ಕದಲ್ಲಿರುವ, ನಡುವೆ ಪುಟ್ಟ ಗುಂಡಿಯಿರುವ ರೋಲ್‌ಔಟ್ ಸ್ವಿಚ್ ಟ್ರಿಪ್ ಆಗಿದ್ದರೆ ಮಾತ್ರ ಗುಂಡಿ ಒತ್ತಿ ಮುಂದುವರಿಯಬೇಡಿ. ಉರಿ ಹೊರಗೆ ನುಗ್ಗಿದಾಗ ಟ್ರಿಪ್ ಆಗುವ ಸ್ವಿಚ್ ಅದು. ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿರಬಹುದು, ಕಾರ್ಬನ್ ಮೊನಾಕ್ಸೈಡ್ ಮನೆಗೆ ಬರಬಹುದು. ಪರೀಕ್ಷೆ ಮಾಡಿಸಲೇಬೇಕು.

ಹಳೆಯ ಫರ್ನೆಸ್ಸಿನಲ್ಲಿ ಬೋರ್ಡಿನ ಬದಲು ದುಂಡು ಡಯಲಿನ ಫ್ಯಾನ್-ಲಿಮಿಟ್ ಕಂಟ್ರೋಲ್ ಇರುತ್ತದೆ. ಅದರ ಬಿಳಿ ಗುಂಡಿ ಒಳಗೆ ಒತ್ತಿದ್ದರೆ ಬ್ಲೋವರ್ ಸದಾ ಓಡುತ್ತದೆ, ಹೊರಗೆ ಎಳೆದರೆ ಆಟೋ. ಫ್ಯಾನ್ ನಿಲ್ಲುವ ಮುಳ್ಳು ತೀರಾ ಕೆಳಗಿದ್ದರೂ ನಿಲ್ಲುವುದಿಲ್ಲ, 90ರಿಂದ 100 ಡಿಗ್ರಿ ಫ್ಯಾರನ್‌ಹೀಟಿನ ನಡುವೆ ಇಡಿ. ಮುಳ್ಳು ಸರಿಸುವಾಗ ಇನ್ನೊಂದು ಕೈಯಿಂದ ಡಯಲನ್ನು ಗಟ್ಟಿಯಾಗಿ ಹಿಡಿದಿರಿ. ಡಯಲ್ ತಿರುಗಿದರೆ ಹಿಂದಿನ ಸುರುಳಿ ತಿರುಚಿಕೊಂಡು ಅಳತೆಯೇ ಕೆಡುತ್ತದೆ.

ಇಷ್ಟೆಲ್ಲ ಸರಿಯಿದ್ದರೆ ಉಳಿದದ್ದು ಬ್ಲೋವರಿಗೆ ಕರೆಂಟ್ ಕೊಟ್ಟು ಕಡಿಯುವ ಬೋರ್ಡಿನ ರಿಲೇ. ಒಳಗಿನ ಕಾಂಟ್ಯಾಕ್ಟುಗಳು ಕಿಡಿ ಹಾರಿ ಹಾರಿ ಬೆಸೆದುಕೊಳ್ಳುತ್ತವೆ. ಬ್ಲೋವರ್ ಓಡುವಾಗ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ರಿಲೇ ಮೇಲೆ ಮೆಲ್ಲಗೆ ತಟ್ಟಿದಾಗ ನಿಂತರೆ ರೋಗ ಗೊತ್ತಾಯಿತು. 120 ವೋಲ್ಟ್ ಅಲ್ಲಿಯೇ ಇರುತ್ತದೆ, ಅಭ್ಯಾಸವಿಲ್ಲದವರು ಇದನ್ನು ಟೆಕ್ನೀಷಿಯನ್‌ಗೆ ಬಿಡಿ. ಒಳಗೇ ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುವ ಹೊಸ ಇಸಿಎಂ ಮೋಟಾರುಗಳ ಲೆಕ್ಕ ಬೇರೆ. ಅವಕ್ಕೆ 120 ವೋಲ್ಟ್ ಸದಾ ಹೋಗುತ್ತಿರುತ್ತದೆ, ಓಡು ಎನ್ನುವುದು ಬೇರೆ ಸಿಗ್ನಲ್. ಹಲವು ಮಾದರಿಗಳಲ್ಲಿ ಅದು 24 ವೋಲ್ಟ್. ಮೋಟಾರಿನ ವೇಗ ಆಯುವ ಸ್ಪೀಡ್ ಟ್ಯಾಪಿಗೂ 'ಸಿ' ಸ್ಕ್ರೂಗೂ ನಡುವೆ 24 ವೋಲ್ಟ್ ಇಲ್ಲದೆಯೂ ಮೋಟಾರ್ ಓಡುತ್ತಿದ್ದರೆ ಮೋಟಾರಿನ ಮಾಡ್ಯೂಲ್ ಕೆಟ್ಟಿದೆ, ಬೋರ್ಡ್ ಬದಲಿಸಿದರೆ ದುಡ್ಡು ದಂಡ.

ಬೋರ್ಡ್ ಬದಲಿಸುವುದೇ ಆದರೆ ವೈರು ಕಳಚುವ ಮುಂಚೆ ಫೋಟೋ ತೆಗೆದಿಡಿ, ವಿಳಂಬ ಮುಂತಾದವನ್ನು ಹೊಂದಿಸುವ ಹಳೆಯ ಬೋರ್ಡಿನ ಪುಟ್ಟ ಡಿಪ್ ಸ್ವಿಚ್ಚುಗಳಂತೆಯೇ ಹೊಸದನ್ನೂ ಹೊಂದಿಸಿ. ಆಮೇಲೆ ಒಂದು ಪೂರ್ತಿ ಸುತ್ತು ನಿಂತು ನೋಡಿ: ಬರ್ನರ್ ಹತ್ತಿದ ಸುಮಾರು ಅರ್ಧ ನಿಮಿಷಕ್ಕೆ ಬ್ಲೋವರ್ ಶುರುವಾಗಬೇಕು, ಉರಿ ಆರಿದ ಮೇಲೆ ನೀವು ಹೊಂದಿಸಿದ ವಿಳಂಬ ಮುಗಿಯುತ್ತಲೇ ನಿಲ್ಲಬೇಕು.