ನವೆಂಬರ್ 2, ಸಿಮಿಟ್ರಿ, ಅಜ್ಜಿ
ಇವತ್ತು ಆಲ್ ಸೋಲ್ಸ್ ಡೇ ಅಲ್ವಾ, ತೀರಿಹೋದೋರಿಗಾಗಿ ನಾವು ಕ್ಯಾಥೋಲಿಕರು ಪ್ರಾರ್ಥಿಸೋ ದಿನ, ಬೆಳಗ್ಗೆ ಚರ್ಚಲ್ಲಿ ಪೂಜೆ ಮುಗಿಸ್ಕೊಂಡು ಸಿಮಿಟ್ರಿಗೆ ಹೋಗಿದ್ವಿ, ಅಜ್ಜಿ ಸಮಾಧಿ ಮೇಲಿನ ಹುಲ್ಲು ಕಿತ್ತು ಸೇವಂತಿಗೆ ಹಾಕಿ ಮೇಣದಬತ್ತಿ ಹಚ್ಚಿದ್ರೆ ಗಾಳಿಗೆ ಮೂರು ಸಲ ಆರೋಯ್ತು, ಕೊನೆಗೆ ತೆಂಗಿನ ಚಿಪ್ಪು ಅಡ್ಡ ಇಟ್ಟೆ.

ಈ ದಿನ ಶುರುವಾಗಿದ್ದು ಸುಮಾರು ಸಾವಿರ ವರ್ಷದ ಹಿಂದೆ, ಫ್ರಾನ್ಸಿನ ಕ್ಲೂನಿ ಮಠದ ಸಂತ ಓಡಿಲೋ ಕಾಲದಲ್ಲಂತೆ. ಆಮೇಲೆ 1915ರಲ್ಲಿ, ಮೊದಲನೇ ಮಹಾಯುದ್ಧ ನಡೀತಿರುವಾಗ, ಪೋಪ್ 15ನೇ ಬೆನೆಡಿಕ್ಟ್ ಇವತ್ತೊಂದಿನ ಪ್ರತಿ ಗುರುವೂ ಮೂರು ಪೂಜೆ ಅರ್ಪಿಸಬಹುದು ಅಂದ್ರು.

ಸತ್ತ ಮೇಲೆ, ಸ್ವರ್ಗಕ್ಕೆ ಹೋಗೋ ಮುಂಚೆ ಆತ್ಮಗಳು ಶುದ್ಧವಾಗೋ ಶುದ್ಧೀಕರಣ ಸ್ಥಳ ಅಂದ್ರೆ ಚಿಕ್ಕೋಳಿದ್ದಾಗ ಬರೀ ಬೆಂಕಿ ಅನ್ಕೊಂಡು ಹೆದರ್ತಿದ್ದೆ. ಆದ್ರೆ ಅಲ್ಲಿರೋರೆಲ್ಲ ಸ್ವರ್ಗಕ್ಕೆ ಹೋಗೋರೇ, ತಡ ಅಷ್ಟೇ, ನಮ್ಮ ಪ್ರಾರ್ಥನೆ ಅವರಿಗೆ ಸಹಾಯ ಆಗತ್ತೆ ಅನ್ನೋದು ಕ್ಯಾಥೋಲಿಕ್ ಧರ್ಮಸಭೆಯ ನಂಬಿಕೆ. ಅಜ್ಜಿಗೆ ಜಪಸರ ಹೇಳ್ತಾ ಮಧ್ಯ ನಿದ್ದೆ ಬರ್ತಿತ್ತು, ಅವಳ ಬಾಕಿ ಮಣಿಗಳನ್ನ ಈಗ ನಾನು ಮುಗಿಸ್ತಿದೀನಿ.